ನಕ್ಷೆ ಓದುವ ಹಕ್ಕು ಯಾರದು?

ನಕ್ಷೆಯೂ ಒಂದು ಬರವಣಿಗೆಯೇ. ಬರೆಯುವವನೊಬ್ಬ, ಅದನ್ನು ಮೈಮೇಲೆ ಹೊರುವವನು ಇನ್ನೊಬ್ಬ. ಕಾವ್ಯ ಬಿಟ್ಟರೆ ಬೇರೇನನ್ನೂ ವಿಮರ್ಶೆಗೆ ಎತ್ತಿಕೊಳ್ಳದ ನಮ್ಮ ಪಂಡಿತರು ಇದನ್ನು ಮುಟ್ಟಿಲ್ಲ. ಗಾರೆ ಕೆಲಸದವನ ಮಗ ನಾನು ಮುಟ್ಟುತ್ತೇನೆ.

ಅಮೆರಿಕದ ಕಾನ್ಸಾಸ್ ಸಿಟಿ. 1981ರ ಜುಲೈ 17ರ ಸಂಜೆ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ ಕುಣಿತದ ಕೂಟ ನಡೆದಿತ್ತು. ಉಕ್ಕಿನ ಸರಳುಗಳಲ್ಲಿ ಒಂದರ ಕೆಳಗೊಂದು ತೂಗುತ್ತಿದ್ದ ಎರಡು ಕಾಲುಸೇತುವೆಗಳು ಕುಸಿದು 114 ಜನ ಸತ್ತರು.

ಮೊದಲ ನಕ್ಷೆಯಲ್ಲಿ ಚಾವಣಿಯಿಂದ ಇಳಿದ ಒಂದೇ ಸರಳು ನಾಲ್ಕನೇ ಮಹಡಿಯ ಸೇತುವೆಯನ್ನೂ ಎರಡನೆಯದರದನ್ನೂ ಹಿಡಿದಿತ್ತು. ನಡುವಿನ ನಟ್ಟು ಏರಿಸಲು ಸರಳಿನ ಉದ್ದಕ್ಕೂ ಥ್ರೆಡ್ಡು ಹೊಡೆಯಬೇಕು. ಉಕ್ಕಿನ ಕೆಲಸ ಹಿಡಿದವರು ಒಂದು ಸರಳನ್ನು ಎರಡು ಮಾಡಿದರು: ಮೇಲಿನ ಸೇತುವೆ ಚಾವಣಿಗೆ, ಕೆಳಗಿನದು ಮೇಲಿನದಕ್ಕೆ.

ಅಡುಗೆಮನೆಯ ನೆಲುವು ನೆನೆಸಿಕೊಳ್ಳಿ. ಒಂದೇ ಹಗ್ಗಕ್ಕೆ ಎರಡು ಗಡಿಗೆ, ಒಂದೊಂದಕ್ಕೂ ಅದರದೇ ಗಂಟು ಇದ್ದರೆ ಮೇಲಿನ ಗಂಟಿಗೆ ಮೇಲಿನ ಗಡಿಗೆಯದಷ್ಟೇ ಭಾರ. ಕೆಳಗಿನದನ್ನು ಮೇಲಿನ ಗಡಿಗೆಗೇ ಕಟ್ಟಿದರೆ ಆ ಗಂಟು ಎರಡನ್ನೂ ಹೊರಬೇಕು. ಅಲ್ಲಿ ಆದದ್ದು ಇಷ್ಟೇ.

ಬದಲಾದ ನಕ್ಷೆ ಎಂಜಿನಿಯರರ ಕಚೇರಿಗೆ ವಾಪಸು ಹೋಯಿತು. ಲೆಕ್ಕ ಹಾಕದೆಯೇ ಮೊಹರು ಬಿತ್ತು. ಫೋನಿನಲ್ಲಿ ಒಪ್ಪಿದ್ದರು ಅಂತ ಅವರು, ಇಲ್ಲ ಅಂತ ಇವರು. ತನಿಖೆ ಮಾಡಿದರೆ ಮೊದಲ ನಕ್ಷೆಯೂ ನಗರದ ನಿಯಮ ಕೇಳುವ ಭಾರದ ಸುಮಾರು 60 ಪಾಲನ್ನಷ್ಟೇ, ಅಂದರೆ ನೂರಕ್ಕೆ ಅರವತ್ತು, ಹೊರುತ್ತಿತ್ತು! ಕೊನೆಗೆ ಇಬ್ಬರು ಎಂಜಿನಿಯರರ ಪರವಾನಗಿ ಹೋಯಿತು.

ನನಗೆ ತೊಡಕಾದದ್ದು ಇಲ್ಲೇ. ಕೈಗೆ ಎಲ್ಲಾ ಗೊತ್ತು, ತಲೆಗೆ ಏನೂ ಗೊತ್ತಿಲ್ಲ ಅಂತ ಪದ್ಯ ಓದಿ ಚಪ್ಪಾಳೆ ಗಿಟ್ಟಿಸಿದವ ನಾನು. ಕಾನ್ಸಾಸ್ ಆ ಪದ್ಯವನ್ನು ಸುಳ್ಳು ಮಾಡುತ್ತೆ. ಬರೆದಂತೆ ಮಾಡೋದು ಕಷ್ಟ ಅಂತ ಕಂಡದ್ದು ಮಾಡುವವರಿಗೇ, ನಿಜ. ಆದರೆ ಅವರ ತಿದ್ದುಪಡಿಯೇ ಗಂಟಿನ ಭಾರವನ್ನು ಇಮ್ಮಡಿಸಿತು. ಸರಳು ಏನು ಹೊರುತ್ತೆ ಎಂಬ ಲೆಕ್ಕ ಒಂದು ಕಡೆ, ಸರಳು ಹೇಗೆ ಮಾಡೋದು ಎಂಬ ಅರಿವು ಇನ್ನೊಂದು ಕಡೆ. ಅಕ್ಷರ ಒಬ್ಬರಿಗೆ, ಕಸುಬು ಒಬ್ಬರಿಗೆ ಅಂತ ಸಾವಿರಾರು ವರ್ಷ ಹಂಚಿಕೊಂಡು ಕೂತ ದೇಶದವರಿಗೆ ಇದು ಹೊಸದೇನಲ್ಲ.

ನಮ್ಮಪ್ಪನಿಗೆ ಅಕ್ಷರ ಬಾರದು, ನಕ್ಷೆ ಬರುತ್ತೆ. ಒಂದು ಮನೆಯ ಕೆಲಸದಲ್ಲಿ, 'ಮೆಟ್ಲು ಹತ್ತೋವಾಗ ತೊಲೆ ತಲೆಗೆ ಹೊಡೀತದೆ ಸ್ವಾಮಿ' ಅಂದ. 'ಬರೆದಷ್ಟು ಕಟ್ಟೋ' ಅಂದರು. ಕಟ್ಟಿದ. ಹೊಡೆಯಿತು. ಒಡೆದು ಮತ್ತೆ ಕಟ್ಟಿದ್ದಕ್ಕೆ ಕೂಲಿ ಮುರಿದದ್ದು ಇವನದೇ.

ಡಿಗ್ರಿ ಮುಗಿಸಿದ ಬಿಸಿಯಲ್ಲಿ ಕೇಳಿದೆ: 'ಗೊತ್ತಿದ್ದೂ ಯಾಕಪ್ಪ ಜಗಳ ಆಡಲಿಲ್ಲ?'

'ಹೊಡೀತದೆ ಅಂತ ಗೊತ್ತಿತ್ತು ಕಣ್ಲಾ. ಆ ತೊಲೆ ಅಲ್ಲೇ ಯಾಕ್ ಮಡಗವ್ರೆ ಅಂತ ಗೊತ್ತಿರ್ನಿಲ್ಲ. ಕೇಳುದ್ರೆ ಯಾರೂ ಹೇಳ್ನಿಲ್ಲ.'