ಬೊರೊಬುದೂರಿನ ಶಿಲಾಕಾವ್ಯ

ಜಾವಾ ದ್ವೀಪದ ಮಧ್ಯಭಾಗದಲ್ಲಿ, ಶೈಲೇಂದ್ರ ವಂಶದ ಅರಸರ ಕಾಲದಲ್ಲಿ, ಎಂದರೆ ಕ್ರಿಸ್ತಶಕ ೮-೯ನೆಯ ಶತಮಾನಗಳಲ್ಲಿ ನಿರ್ಮಿತವಾದ ಬೊರೊಬುದೂರು ಬೌದ್ಧಸ್ಮಾರಕಗಳಲ್ಲಿ ಅಗ್ರಗಣ್ಯವಾದುದು. ಅದನ್ನು ದೂರದಿಂದ ಕಂಡವರು ಈಜಿಪ್ಟಿನ ಪಿರಮಿಡ್ಡಿಗೆ ಹೋಲಿಸುವುದುಂಟು. ಈ ಹೋಲಿಕೆಯು ಹೊರಗಣ ಆಕಾರಕ್ಕೆ ಮಾತ್ರ ಸಲ್ಲತಕ್ಕದ್ದು. ಪಿರಮಿಡ್ಡು ಮೃತನಾದ ಅರಸನಿಗಾಗಿ ಕಟ್ಟಿ ಮುಚ್ಚಿದ ಸಮಾಧಿ. ಬೊರೊಬುದೂರಿನಲ್ಲಾದರೋ ಹೊಕ್ಕು ನಿಲ್ಲಲು ಗರ್ಭಗೃಹವೇ ಇಲ್ಲ. ಸಹಜವಾದ ದಿಣ್ಣೆಯೊಂದಕ್ಕೆ ಕಲ್ಲಿನ ಕವಚವನ್ನು ತೊಡಿಸಿದಂತೆ ಅದರ ರಚನೆ. ಅದರ ಅರ್ಥವೆಲ್ಲವೂ ಹೊರಮೈಯಲ್ಲಿ, ನಡೆಯುವವನ ಹಾದಿಯಲ್ಲಿಯೇ ಇರುವುದು.

ಆದಕಾರಣ ಅದನ್ನು ಕಾವ್ಯದಂತೆ ಓದುವುದೇ ಯುಕ್ತ. ಪೂರ್ವದ ಸೋಪಾನವನ್ನೇರಿ ಪ್ರದಕ್ಷಿಣಕ್ರಮದಿಂದ ನಡೆದರೆ, ನಾಲ್ಕು ಪ್ರಾಕಾರಗಳ ಗೋಡೆಗಳಲ್ಲಿ ಕಥಾಶಿಲ್ಪಗಳು ಸಾಲುಗೊಂಡಿರುವುವು. ಇಡೀ ಸ್ಮಾರಕದಲ್ಲಿ ಇಂತಹ ಫಲಕಗಳು ೧೪೬೦. ಲಲಿತವಿಸ್ತರವನ್ನನುಸರಿಸಿದ ಬುದ್ಧಚರಿತಕ್ಕೆ ೧೨೦ ಮೀಸಲಾದರೆ, ಗಂಡವ್ಯೂಹದ ಕಥೆಗೆ ಅದಕ್ಕಿಂತಲೂ ಎಷ್ಟೋ ಹೆಚ್ಚು. ಸುಧನಕುಮಾರನು ಒಬ್ಬ ಗುರುವಿನಿಂದ ಮತ್ತೊಬ್ಬ ಗುರುವಿನೆಡೆಗೆ ಅಲೆಯುವುದೇ ಆ ಕಥೆ. ನೋಡುವವನೂ ಅವನೊಡನೆ ನಡೆಯುತ್ತಲೇ ಮೇಲೇರುವನು. ವಸ್ತುವಿಗೂ ರೂಪಕ್ಕೂ ಇಂತಹ ಸಾಮರಸ್ಯವು ಅಪೂರ್ವವಾದುದು.

ಪ್ರಾಕಾರಗಳನ್ನು ದಾಟಿದೊಡನೆ ಗೋಡೆಯೂ ಇಲ್ಲ, ಕಥೆಯೂ ಇಲ್ಲ. ಮೂರು ವರ್ತುಲ ಜಗತಿಗಳ ಮೇಲೆ ೩೨, ೨೪, ೧೬ರಂತೆ ೭೨ ಜಾಲಂಧ್ರ ಸ್ತೂಪಗಳು. ಅವುಗಳ ರಂಧ್ರಗಳಲ್ಲಿ ಬುದ್ಧನು ಕಂಡೂ ಕಾಣದಂತಿರುವನು. ನಡುವಣ ಮಹಾಸ್ತೂಪದಲ್ಲಿ ಕಿಂಡಿಯೂ ಇಲ್ಲ. ಕಾಶ್ಮೀರದ ಆನಂದವರ್ಧನನು ೯ನೆಯ ಶತಮಾನದಲ್ಲಿ ವಾಚ್ಯವನ್ನು ಮೀರಿದ ಧ್ವನಿಯೇ ಕಾವ್ಯದ ಆತ್ಮವೆಂದು ಪ್ರತಿಪಾದಿಸಿದನು. ಜಾವಾದ ಶಿಲ್ಪಿಗಳು ಆತನ ಮತವನ್ನು ಕೇಳಿದ್ದರೆಂದು ಹೇಳಬೇಕಾಗಿಲ್ಲ. ಆದರೆ ಕೆಳಗೆ ವಾಚ್ಯವನ್ನು ವಿಸ್ತರಿಸಿ, ಮೇಲೆ ವ್ಯಂಗ್ಯಕ್ಕೆ ಎಡೆಗೊಟ್ಟ ಅವರ ಔಚಿತ್ಯಜ್ಞಾನವನ್ನು ಆಲಂಕಾರಿಕರು ಮೆಚ್ಚದಿರಲಾರರು.

ಕೃತಿಯಲ್ಲಿ ದೋಷವೇ ಇಲ್ಲವೆಂದಲ್ಲ. ೧೮೮೫ರಲ್ಲಿ ತಳಭಾಗದ ಅಗಲವಾದ ಕಲ್ಲಿನ ಪೀಠದ ಹಿಂದೆ, ಕರ್ಮಫಲಗಳನ್ನು ತೋರಿಸುವ ೧೬೦ ಫಲಕಗಳು ಹುದುಗಿರುವುದು ತಿಳಿದುಬಂದಿತು. ಪಾಪಮಯವಾದ ಲೋಕವನ್ನು ಮರೆಮಾಡಲೆಂದೇ ಅವನ್ನು ಮುಚ್ಚಿದರೆಂದು ಕೆಲವರ ವಾದ. ಈ ವಾದವು ರಮ್ಯವಾಗಿದ್ದರೂ ಸಾಧುವೆಂದು ತೋರದು. ಅವುಗಳಲ್ಲಿ ಕೆಲವು ಅಪೂರ್ಣವಾಗಿಯೇ ಉಳಿದಿವೆ. ‘ವಿರೂಪ’, ‘ಸ್ವರ್ಗ’ ಎಂಬಂತೆ ಶಿಲ್ಪಿಗೆ ಕೊಟ್ಟ ಸಂಸ್ಕೃತದ ಸೂಚನೆಗಳೂ ಅಳಿಯದೆ ನಿಂತಿವೆ. ಮುಚ್ಚುವುದೇ ಮೊದಲಿನ ಉದ್ದೇಶವಾಗಿದ್ದರೆ ಇಷ್ಟು ಶ್ರಮಪಟ್ಟು ಕೆತ್ತುವುದೇಕೆ? ಭಾರಕ್ಕೆ ಜಾರತೊಡಗಿದ ಕಟ್ಟಡಕ್ಕೆ ಆಸರೆಗೊಡಲೆಂದೇ ಪೀಠವು ಬಂದಿರಬೇಕು. ಕಾವ್ಯವನ್ನು ಉಳಿಸಲು ಪ್ರಥಮಸರ್ಗವನ್ನೇ ಬಲಿಗೊಡಬೇಕಾಯಿತು. ಈಗ ಆಗ್ನೇಯದ ಮೂಲೆಯಲ್ಲಿ ಅದರ ಕೆಲವು ಫಲಕಗಳು ಮಾತ್ರ ತೆರೆದಿವೆ.

೧೯೦೭ರಿಂದ ೧೯೧೧ರವರೆಗೆ ಫಾನ್ ಎರ್ಪ್ ಎಂಬ ಡಚ್ಚರವನೂ, ೧೯೮೩ರಲ್ಲಿ ಮುಗಿದ ಕಾರ್ಯದಲ್ಲಿ ಯುನೆಸ್ಕೋ ನೆರವಿನಿಂದ ಇಂಡೊನೇಷ್ಯಾ ಸರ್ಕಾರವೂ ಈ ಕಲ್ಲುಗಳನ್ನು ಉಳಿಸಿಕೊಟ್ಟಿರುವರು. ಚಿತ್ರಪಟದಲ್ಲಿ ಶಿಖರದ ಆಕಾರವೊಂದನ್ನೇ ನೋಡಿ ಇದನ್ನು ಪಿರಮಿಡ್ಡೆಂದು ಎಣಿಸುವವರು, ಹೊದಿಕೆಯನ್ನು ಕಂಡು ಗ್ರಂಥವನ್ನು ಬದಿಗಿಡುವವರಂತೆ ನಷ್ಟಹೊಂದುವರು.