ಗೋಡೆಯ ಬುಡದಲ್ಲಿ ಬಿದ್ದ ಗ್ರಂಥಾಲಯದ ಹುಡುಗಿ

ಜಾನ್ ಲೆ ಕಾರೆಯ 'ದ ಸ್ಪೈ ಹೂ ಕೇಮ್ ಇನ್ ಫ್ರಮ್ ದ ಕೋಲ್ಡ್' ಕಾದಂಬರಿಯ ಕೊನೆಯನ್ನು ಹೇಳದೆ ಈ ಲೇಖನ ಬರೆಯಲಾಗದು. ಪುಸ್ತಕ ಬಂದದ್ದು 1963ರಲ್ಲಿ. ಇನ್ನೂ ಓದದವರು ಇಲ್ಲಿಗೇ ನಿಲ್ಲಿಸಿ, ಓದಿ ಬಂದರೂ ಸಂತೋಷವೇ.

ಕೊನೆ ಹೀಗಿದೆ. ಬರ್ಲಿನ್ ಗೋಡೆಯ ಪೂರ್ವ ಬದಿಯಲ್ಲಿ, ರಾತ್ರಿ, ಇಬ್ಬರು ಗೋಡೆ ಹತ್ತುತ್ತಿದ್ದಾರೆ. ಒಬ್ಬ ಅಲೆಕ್ ಲೀಮಸ್, ಬ್ರಿಟಿಷ್ ಬೇಹುಗಾರ. ಇನ್ನೊಬ್ಬಳು ಲಿಜ್ ಗೋಲ್ಡ್, ಲಂಡನ್ನಿನ ಸಣ್ಣದೊಂದು ಗ್ರಂಥಾಲಯದಲ್ಲಿ ಕೆಲಸ ಮಾಡುವ ಹುಡುಗಿ, ತನ್ನ ಬಡಾವಣೆಯ ಕಮ್ಯುನಿಸ್ಟ್ ಪಕ್ಷದ ಸದಸ್ಯೆ. ಸರ್ಚ್‌ಲೈಟು ಬೀಳುತ್ತದೆ, ಗುಂಡು ಹಾರುತ್ತದೆ, ಲಿಜ್ ಬೀಳುತ್ತಾಳೆ. ಆಚೆ ಬದಿಯಿಂದ ಹಾರಿಬಿಡೆಂದು ಲೀಮಸ್‌ನನ್ನು ಕರೆಯುತ್ತಾರೆ. ಅವನು ಹಾರುವುದಿಲ್ಲ; ಮತ್ತೆ ಕೆಳಗಿಳಿದು ಅವಳ ಪಕ್ಕದಲ್ಲಿ ನಿಂತು ಸಾಯುತ್ತಾನೆ.

ಬೇಹುಗಾರಿಕೆಯ ಸಾಹಿತ್ಯದ ಬಗ್ಗೆ ಬರೆದವರೆಲ್ಲ ಲೀಮಸ್ ಇಳಿದು ಬಂದದ್ದನ್ನೇ ಬರೆದಿದ್ದಾರೆ. ಜೇಮ್ಸ್ ಬಾಂಡ್‌ನ ಥಳುಕಿಗೆ ಎದುರಾಗಿ ನೈತಿಕ ದಣಿವನ್ನು ತಂದ ಕಾದಂಬರಿ ಎಂಬ ಮಾತು ಈಗ ಪಠ್ಯಪುಸ್ತಕದ ಮಾತಾಗಿದೆ. ಅದು ಸುಳ್ಳಲ್ಲ. ಆದರೆ ಈಚೆಗೆ ಮರಳಿ ಓದುವಾಗ ನನ್ನನ್ನು ಕಾಡಿದ್ದು ಲೀಮಸ್ ಅಲ್ಲ, ಲಿಜ್. ಅವಳನ್ನು ಕೊಂದವರು ಯಾರು? ಗುಂಡು ಹಾರಿಸಿದ್ದು ಪೂರ್ವ ಜರ್ಮನಿಯವರು, ನಿಜ. ಅವಳನ್ನು ಅಲ್ಲಿಯವರೆಗೆ ತಲುಪಿಸಿದ್ದು ಮಾತ್ರ ಅವಳದೇ ಸರ್ಕಾರ. ಸ್ಮೈಲಿ ಎಂಬ ಸಭ್ಯ ಮನುಷ್ಯ ಅವಳ ಮನೆಗೆ ಬಂದು ಕಾರ್ಡು ಕೊಟ್ಟು ಹೋಗುತ್ತಾನೆ. ಆಮೇಲೆ ಅವಳ ಮನೆಯ ಲೀಸಿನ ಹಣವನ್ನು ಯಾರೋ ಕಟ್ಟಿಬಿಡುತ್ತಾರೆ. ಅವಳಿಗೆ ಅದು ದಯೆ ಅನ್ನಿಸುತ್ತದೆ. ಪೂರ್ವ ಜರ್ಮನಿಯ ರಹಸ್ಯ ವಿಚಾರಣೆಯಲ್ಲಿ ಅವಳು ಈ ದಯೆಯನ್ನು ಮುಗ್ಧವಾಗಿ ಹೇಳಿದಾಗಲೇ ಲೀಮಸ್‌ನ ಕಟ್ಟುಕತೆ ಕುಸಿಯುವುದು. ಕುಸಿಯಬೇಕೆಂದೇ ಲಂಡನ್ ಅದನ್ನು ಕಟ್ಟಿತ್ತು. ಮುಂಟ್ ಎಂಬ ಕ್ರೂರಿ ಬ್ರಿಟನ್ನಿನ ಏಜೆಂಟ್. ಅವನನ್ನು ಸಂಶಯದಿಂದ ಪಾರುಮಾಡಲು ಅವನ ಮೇಲೆ ಸರಿಯಾಗಿಯೇ ಸಂಶಯಪಟ್ಟಿದ್ದ ಪ್ರಾಮಾಣಿಕ ಫೀಡ್ಲರ್ ಬಲಿಯಾಗಬೇಕಿತ್ತು. ಲಿಜ್ ಅದಕ್ಕೆ ಬೇಕಾದ ಸಾಕ್ಷಿ.

ಒಂದು ಪ್ರಜಾಪ್ರಭುತ್ವವು ತನ್ನದೇ ಪ್ರಜೆಯೊಬ್ಬಳನ್ನು ಅವಳಿಗೆ ತಿಳಿಯದಂತೆ ಉಪಕರಣ ಮಾಡಿಕೊಂಡು ಕೈಬಿಟ್ಟ ಕತೆ ಇದು. ಅವಳ ತಾಯಿ ಯಾರನ್ನು ಕೇಳಬೇಕಿತ್ತು? ಕಾದಂಬರಿಯಲ್ಲಿ ಈ ಪ್ರಶ್ನೆ ಹುಟ್ಟುವುದೇ ಇಲ್ಲ. 1963ರ ಬ್ರಿಟನ್ನಿನಲ್ಲಿ ಹುಟ್ಟುವುದು ಸಾಧ್ಯವೂ ಇರಲಿಲ್ಲ. ಎಂಐ6 ಎಂಬ ಸಂಸ್ಥೆ ಇದೆ ಎಂದು ಅಲ್ಲಿನ ಸರ್ಕಾರ ಅಧಿಕೃತವಾಗಿ ಒಪ್ಪಿಕೊಂಡದ್ದು 1992ರಲ್ಲಿ. ಅದಕ್ಕೊಂದು ಕಾನೂನು ಬಂದದ್ದು 1994ರಲ್ಲಿ. ದೇಶದೊಳಗಿನ ಕೆಲಸ ನೋಡಿಕೊಳ್ಳುವ ಎಂಐ5 ಕೂಡ 1989ರವರೆಗೆ ಗೃಹಮಂತ್ರಿಯ 1952ರ ಒಂದು ನಿರ್ದೇಶನದ ಆಧಾರದ ಮೇಲೆ ನಡೆದುಕೊಂಡು ಬಂದಿತ್ತು. ಇಲ್ಲದ ಸಂಸ್ಥೆಯ ಮೇಲೆ ದೂರು ಕೊಡುವುದು ಹೇಗೆ?

ಇಲ್ಲಿ ಒಂದು ಸ್ವಾರಸ್ಯವಿದೆ. ಲೆ ಕಾರೆ ಈ ಕಾದಂಬರಿ ಬರೆಯುವಾಗ ಡೇವಿಡ್ ಕಾರ್ನ್‌ವೆಲ್ ಎಂಬ ತನ್ನ ನಿಜನಾಮದಲ್ಲಿ ಅದೇ ಎಂಐ6ರ ನೌಕರ. ಹಸ್ತಪ್ರತಿಯನ್ನು ಮೇಲಧಿಕಾರಿಗಳಿಗೆ ತೋರಿಸಿ ಒಪ್ಪಿಗೆ ಪಡೆಯಬೇಕಿತ್ತು. ಇದು ಶುದ್ಧ ಕಲ್ಪನೆ, ಆದ್ದರಿಂದ ಭದ್ರತೆಗೆ ಧಕ್ಕೆಯಿಲ್ಲ ಎಂದು ಅವರು ಬಿಟ್ಟುಕೊಟ್ಟರಂತೆ. ಆತನೇ ಮುಂದೆ ಬರೆದುಕೊಂಡಿದ್ದಾನೆ. ಜಗತ್ತು ಅದನ್ನು ಅಕ್ಷರಶಃ ಸತ್ಯವೆಂದು ಓದಿತು. ಸುಮಾರು ಕಾಲು ಶತಮಾನದ ನಂತರ ಎಂಐ5ನ ನಿವೃತ್ತ ಅಧಿಕಾರಿ ಪೀಟರ್ ರೈಟ್ ತನ್ನ ನೆನಪುಗಳನ್ನು 'ಸ್ಪೈಕ್ಯಾಚರ್' ಎಂದು ಬರೆದಾಗ, ಅದನ್ನು ತಡೆಯಲು ಬ್ರಿಟಿಷ್ ಸರ್ಕಾರ ಆಸ್ಟ್ರೇಲಿಯಾದ ನ್ಯಾಯಾಲಯದವರೆಗೂ ಹೋಗಿ ಸೋತು ಬಂತು. ಕಲ್ಪನೆಯಾದರೆ ಬಿಡಬಹುದು, ಸಂಗತಿಯಾದರೆ ಬಿಡಲಾಗದು. ರಹಸ್ಯ ಸಂಸ್ಥೆಗಳು ಸಾಹಿತ್ಯವನ್ನು ಓದುವ ಕ್ರಮ ಇದು ಅನ್ನಿಸುತ್ತದೆ.

ಆದರೆ ನಾನು ಮುಖ್ಯವಾಗಿ ಮಾತಾಡಬೇಕಿರುವುದು ಇನ್ನೊಂದು ಕಾದಂಬರಿಯ ಬಗ್ಗೆ. 2017ರಲ್ಲಿ, ತನ್ನ ಎಂಬತ್ತಾರನೆಯ ವಯಸ್ಸಿನ ಹೊತ್ತಿಗೆ, ಲೆ ಕಾರೆ 'ಎ ಲೆಗಸಿ ಆಫ್ ಸ್ಪೈಸ್' ಬರೆದ. ಐವತ್ತನಾಲ್ಕು ವರ್ಷಗಳ ನಂತರ ಗೋಡೆಯ ಬುಡದ ಆ ಎರಡು ಹೆಣಗಳ ಬಳಿಗೆ ಲೇಖಕನೇ ಮರಳಿ ಹೋದದ್ದು. ಲೀಮಸ್‌ಗೆ ಕ್ರಿಸ್ಟಾಫ್ ಎಂಬ ಮಗ, ಲಿಜ್‌ಗೆ ಕ್ಯಾರನ್ ಎಂಬ ಮಗಳು ಇದ್ದರು ಎಂದು ಈಗ ತಿಳಿಯುತ್ತದೆ. ಅವರಿಬ್ಬರೂ ಬ್ರಿಟಿಷ್ ಗುಪ್ತಚರ ಸಂಸ್ಥೆಯ ಮೇಲೆ ಮೊಕದ್ದಮೆಗೆ ಸಿದ್ಧರಾಗಿದ್ದಾರೆ. ಸಂಸತ್ತಿನ ವಿಚಾರಣೆಯ ಭಯವೂ ಇದೆ. ಫ್ರಾನ್ಸಿನ ಬ್ರಿಟನಿಯ ಹಳ್ಳಿಯೊಂದರಲ್ಲಿ ನಿವೃತ್ತನಾಗಿ ಬದುಕುತ್ತಿರುವ ಪೀಟರ್ ಗಿಲಮ್‌ನನ್ನು ಲಂಡನ್ನಿಗೆ ಕರೆಸುತ್ತಾರೆ. ಬನ್ನಿ ಎಂಬ ವಕೀಲ, ಲಾರಾ ಎಂಬ ಇತಿಹಾಸಕಾರ್ತಿ ಅವನನ್ನು ಪ್ರಶ್ನೆ ಮಾಡುತ್ತಾರೆ. ಕಡತಗಳು ಕಾಣೆಯಾಗಿವೆ. ಯಾಕೆಂದರೆ ಸ್ಮೈಲಿಯ ಮಾತಿನಂತೆ ಅವನ್ನು ಬಚ್ಚಿಟ್ಟವನು ಗಿಲಮ್‌ನೇ.

ಕಾದಂಬರಿಯಾಗಿ ಇದು ಹಿಂದಿನದಕ್ಕೆ ಸಮನಲ್ಲ. ಹಳೆಯ ವರದಿ, ಟಿಪ್ಪಣಿ, ತಂತಿಗಳ ರೂಪದಲ್ಲಿ ಕತೆ ಮುಂದೆ ಸಾಗುವಾಗ ಹಲವು ಕಡೆ ಬಿಗಿ ಸಡಿಲುತ್ತದೆ. ಬನ್ನಿ ವ್ಯಂಗ್ಯಚಿತ್ರಕ್ಕೆ ತುಂಬಾ ಹತ್ತಿರ. ಆದರೆ ಮೊದಲ ಕಾದಂಬರಿ ಕೇಳಲಾಗದಿದ್ದ ಪ್ರಶ್ನೆಯನ್ನು ಇದು ಕೇಳುತ್ತದೆ. ರಹಸ್ಯ ಕೆಲಸಕ್ಕೆ ಉತ್ತರ ಕೊಡಬೇಕಾದವರು ಯಾರು, ಯಾರಿಗೆ, ಯಾವ ಭಾಷೆಯಲ್ಲಿ? ಉತ್ತರದಾಯಿತ್ವ ಬಂದಿದೆ, ಆದರೆ ವಕೀಲರ ವೇಷದಲ್ಲಿ. ಆ ವಕೀಲರಿಗೆ ಲಿಜ್ ಸತ್ತದ್ದು ಹೇಗೆಂದು ತಿಳಿಯುವ ಕುತೂಹಲವಿಲ್ಲ. ಸಂಸ್ಥೆಯನ್ನು ಉಳಿಸಿ ಒಬ್ಬ ಮುದುಕನನ್ನು ಒಪ್ಪಿಸಲು ಸಾಧ್ಯವೇ ಎಂಬ ಲೆಕ್ಕವಿದೆ. ಲಿಜ್‌ಳನ್ನು ಬಳಸಿದ ಬುದ್ಧಿಯೇ ಈಗ ಗಿಲಮ್‌ನನ್ನು ಬಳಸುತ್ತಿದೆ. ಇದನ್ನು ಕಾಣಿಸಿದ್ದು ಪುಸ್ತಕದ ದೊಡ್ಡ ಸಾಧನೆ.

ಈ ಕತೆ ತೀರಾ ಕಾಲ್ಪನಿಕವಲ್ಲ ಎನ್ನುವುದಕ್ಕೆ ಮರುವರ್ಷವೇ ಸಾಕ್ಷಿ ಸಿಕ್ಕಿತು. ಗಡಾಫಿಯ ವಿರೋಧಿ ಅಬ್ದೆಲ್ ಹಕೀಂ ಬೆಲ್ಹಾಜ್ ಮತ್ತು ಅವರ ಗರ್ಭಿಣಿ ಪತ್ನಿ ಫಾತಿಮಾ ಬೌಡ್ಚರ್ ಅವರನ್ನು 2004ರಲ್ಲಿ ಬ್ಯಾಂಕಾಕಿನಲ್ಲಿ ಹಿಡಿದು ಲಿಬಿಯಾಕ್ಕೆ ಒಪ್ಪಿಸಲಾಗಿತ್ತು. ಅದರಲ್ಲಿ ಬ್ರಿಟಿಷ್ ಗುಪ್ತಚರರ ಪಾತ್ರ ಹೊರಬಿದ್ದದ್ದು 2011ರಲ್ಲಿ ಗಡಾಫಿ ಉರುಳಿದ ನಂತರ, ಟ್ರಿಪೊಲಿಯ ಕಚೇರಿಯೊಂದರಲ್ಲಿ ಸಿಕ್ಕ ಕಾಗದಪತ್ರಗಳಿಂದ. ಯಾವ ಸಂಸದೀಯ ಸಮಿತಿಯೂ ಅದನ್ನು ಕಂಡುಹಿಡಿದಿರಲಿಲ್ಲ. ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಹೋರಾಡಿದ ಮೇಲೆ, 2018ರ ಮೇ ತಿಂಗಳಲ್ಲಿ, ಹೌಸ್ ಆಫ್ ಕಾಮನ್ಸಿನಲ್ಲಿ ಸರ್ಕಾರ ಕ್ಷಮೆ ಕೇಳಿತು. ಬೌಡ್ಚರ್ ತಮ್ಮ ಮಗನೊಂದಿಗೆ ಮೇಲಿನ ಗ್ಯಾಲರಿಯಲ್ಲಿ ಕುಳಿತು ಅದನ್ನು ಕೇಳಿದರು. ಅದೇ ವರ್ಷ ಅಲ್ಲಿನ ಗುಪ್ತಚರ ಮತ್ತು ಭದ್ರತಾ ಸಮಿತಿ ಬಂಧಿತರ ಮೇಲಿನ ದೌರ್ಜನ್ಯದ ಬಗ್ಗೆ ವರದಿ ಕೊಟ್ಟಿತು. ಬೇಕಾದ ಅಧಿಕಾರಿಗಳನ್ನು ವಿಚಾರಿಸಲು ಸರ್ಕಾರ ಬಿಡದ ಕಾರಣ ತನಿಖೆಯನ್ನು ಅಷ್ಟಕ್ಕೇ ನಿಲ್ಲಿಸಬೇಕಾಯಿತೆಂದು ಅದು ತಾನೇ ಹೇಳಿಕೊಂಡಿತು. ಕಾನೂನು ಇತ್ತು, ಸಮಿತಿ ಇತ್ತು, ನ್ಯಾಯಾಲಯ ಇತ್ತು. ಇಷ್ಟಿದ್ದೂ ಸತ್ಯ ಬಂದದ್ದು ಬಿದ್ದುಹೋದ ಸರ್ವಾಧಿಕಾರಿಯೊಬ್ಬನ ಕಡತದಿಂದ. ಆದರೂ ಇವು ಇದ್ದದ್ದರಿಂದಲೇ ಆ ಕಡತ ಹಿಡಿದುಕೊಂಡು ಹೋಗಿ ತಟ್ಟಲು ಒಂದು ಬಾಗಿಲು ಇತ್ತು. ಎರಡನ್ನೂ ಒಟ್ಟಿಗೆ ನೋಡಬೇಕು.

ಅಮೆರಿಕದಲ್ಲಿ 1975ರ ಚರ್ಚ್ ಸಮಿತಿ ಸಿಐಎ, ಎಫ್‌ಬಿಐಗಳ ಕಡತ ತೆರೆಸಿದ್ದು, ಅದರಿಂದ ಸೆನೆಟ್ಟಿನ ಶಾಶ್ವತ ಸಮಿತಿಯೂ 1978ರ ಕಣ್ಗಾವಲು ಕಾನೂನೂ ಬಂದದ್ದು ಓದುಗರಿಗೆ ಗೊತ್ತಿರುವ ಸಂಗತಿ. ಅದನ್ನು ಇಲ್ಲಿ ಬೆಳೆಸುವುದಿಲ್ಲ.

ನನ್ನ ತಕರಾರು ಲೆ ಕಾರೆಯ ಜೊತೆಗೇ ಇದೆ. ಎರಡು ಕಾದಂಬರಿಗಳಲ್ಲೂ ಆತನ ಮರುಕವೆಲ್ಲ ಬೇಹುಗಾರನ ಮನಸ್ಸಾಕ್ಷಿಯ ಕಡೆಗೆ ಹರಿಯುತ್ತದೆ. ಲೀಮಸ್ ಕೆಳಗಿಳಿಯುವುದು ದೊಡ್ಡ ನೈತಿಕ ಕ್ರಿಯೆ. ಆದರೆ ಅದು ಲಿಜ್‌ಗೆ ಕೊಟ್ಟ ಉತ್ತರವಲ್ಲ, ತನಗೆ ತಾನೇ ವಿಧಿಸಿಕೊಂಡ ಶಿಕ್ಷೆ. ಅದಕ್ಕೂ ಮೊದಲು, ಗೋಡೆಯ ಕಡೆಗೆ ಹೋಗುವ ಕಾರಿನಲ್ಲಿ, ಇಡೀ ಸಂಚನ್ನು ಅವಳಿಗೆ ಬಿಡಿಸಿ ಹೇಳುತ್ತಾನೆ. ಅವಳು ಹೆದರಿ, ಸಿಟ್ಟಾಗಿ, ಮನುಷ್ಯರನ್ನು ಹೀಗೆ ಬಳಸಬಹುದೇ ಎಂದು ಕೇಳುತ್ತಾಳೆ. ಇಡೀ ಪುಸ್ತಕದಲ್ಲಿ ಒಬ್ಬ ನಾಗರಿಕಳು ರಹಸ್ಯ ಸಂಸ್ಥೆಯನ್ನು ನೇರವಾಗಿ ಪ್ರಶ್ನಿಸುವುದು ಅಲ್ಲಿ ಮಾತ್ರ. ಕಾರು ಗೋಡೆ ಮುಟ್ಟುತ್ತದೆ, ಪ್ರಶ್ನೆ ಅಲ್ಲೇ ಉಳಿಯುತ್ತದೆ. ಎರಡನೆಯ ಕಾದಂಬರಿಯಲ್ಲಿ ಕ್ರಿಸ್ಟಾಫ್ ಪಿಸ್ತೂಲು ಹಿಡಿದು ಬರುತ್ತಾನೆ, ಕೊಲ್ಲಲಾಗದೆ ಹೋಗುತ್ತಾನೆ. ಗಿಲಮ್ ಕೊನೆಗೆ ಫ್ರೈಬರ್ಗಿನ ಗ್ರಂಥಾಲಯವೊಂದರಲ್ಲಿ ವೃದ್ಧ ಸ್ಮೈಲಿಯನ್ನು ಹುಡುಕಿ ಹಿಡಿಯುತ್ತಾನೆ. ಇಷ್ಟೆಲ್ಲ ಮಾಡಿದ್ದು ಯಾಕೆ ಎಂಬುದಕ್ಕೆ ಸ್ಮೈಲಿ ಕೊಡುವ ಉತ್ತರದಲ್ಲಿ ಬಂಡವಾಳಶಾಹಿಯಿಲ್ಲ, ಇಂಗ್ಲೆಂಡೂ ಮುಖ್ಯವಲ್ಲ, ಯುರೋಪಿಗಾಗಿ ಎನ್ನುತ್ತಾನೆ. ಬ್ರೆಕ್ಸಿಟ್ ಮತದಾನದ ನಂತರ ಬಂದ ಆ ಮಾತನ್ನು ವಿಮರ್ಶಕರು ಬಹಳ ಮೆಚ್ಚಿದರು. ನನಗೆ ಅದು ತಪ್ಪು ವಿಳಾಸಕ್ಕೆ ಹೋದ ಪತ್ರದಂತೆ ಕಂಡಿತು. ಕೇಳಿದ್ದು ಲಿಜ್‌ಳ ಮಗಳು, ಉತ್ತರ ಹೋದದ್ದು ಹಳೆಯ ಸಹೋದ್ಯೋಗಿಗೆ. ಪಶ್ಚಾತ್ತಾಪವನ್ನು ಮನೆಯ ಬಾಗಿಲು ಹಾಕಿಕೊಂಡು ಪಡಬಹುದು. ಉತ್ತರದಾಯಿತ್ವಕ್ಕೆ ಎದುರಿಗೆ ಇನ್ನೊಬ್ಬರು ಕುಳಿತಿರಬೇಕು.

ನಮ್ಮ ಪತ್ತೇದಾರಿ ಕಾದಂಬರಿಗಳನ್ನು, ಎನ್. ನರಸಿಂಹಯ್ಯನವರ ಪುರುಷೋತ್ತಮನನ್ನು ಓದಿ ಬೆಳೆದವರಿಗೆ ಈ ವ್ಯತ್ಯಾಸ ಸುಲಭವಾಗಿ ಹೊಳೆದೀತು. ಪತ್ತೇದಾರನ ಕತೆ ಎಲ್ಲವನ್ನೂ ಬಯಲು ಮಾಡಿ ಮುಗಿಯುತ್ತದೆ. ಗೂಢಚಾರನ ಕತೆ ಮುಚ್ಚಿಟ್ಟು ಮುಗಿಯುತ್ತದೆ, ಓದುಗನೊಬ್ಬನಿಗೆ ಮಾತ್ರ ಗುಟ್ಟು ಗೊತ್ತಿರುತ್ತದೆ. 1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದ ಅರ್ಥಶಾಸ್ತ್ರದ ಓಲೆಗರಿಗಳಲ್ಲಿ ಗೂಢಪುರುಷರ ಮೇಲೆ ವಿವರವಾದ ಹತೋಟಿ ಇದೆ. ಒಬ್ಬ ಚಾರನಿಗೆ ಇನ್ನೊಬ್ಬನ ಗುರುತಿರಬಾರದು, ಮೂವರ ಸುದ್ದಿ ಹೊಂದಿಕೆಯಾದರಷ್ಟೇ ನಂಬಬೇಕು. ಆದರೆ ಲೆಕ್ಕ ಒಪ್ಪಿಸುವುದು ರಾಜನಿಗೆ. ಕೌಟಿಲ್ಯನಿಗೆ ಇದು ತೊಡಕಾಗಿ ಕಾಣಬೇಕಿರಲಿಲ್ಲ. ನಮಗೆ ಕಾಣಬೇಕು.

ಕಾಣುತ್ತಿದೆಯೇ? ರಾ ಸಂಸ್ಥೆ 1968ರಲ್ಲಿ ಸರ್ಕಾರಿ ಆದೇಶದಿಂದ ಹುಟ್ಟಿತು. ಅದಕ್ಕೆ ಇವತ್ತಿಗೂ ಸಂಸತ್ತು ಮಾಡಿದ ಕಾನೂನಿಲ್ಲ. ಬ್ರಿಟಿಷರ ಕಾಲದ ಇಂಟೆಲಿಜೆನ್ಸ್ ಬ್ಯೂರೋಗೂ ಇಲ್ಲ. ಅದರ ಕಾನೂನು ಆಧಾರವೇನೆಂದು ಅಲ್ಲೇ ದುಡಿದು ನಿವೃತ್ತರಾದ ಅಧಿಕಾರಿಯೊಬ್ಬರು ಕರ್ನಾಟಕ ಹೈಕೋರ್ಟಿನಲ್ಲಿ ಕೇಳಿದ್ದರು. ಮಾಹಿತಿ ಹಕ್ಕು ಕಾಯ್ದೆ ಈ ಸಂಸ್ಥೆಗಳನ್ನು, ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪಗಳ ಹೊರತು, ಹೊರಗಿಟ್ಟಿದೆ. ಇವನ್ನು ಕಾನೂನಿನ ಚೌಕಟ್ಟಿಗೆ ತರಲು ಮನೀಶ್ ತಿವಾರಿ 2011ರಲ್ಲಿ ಮಂಡಿಸಿದ ಖಾಸಗಿ ಮಸೂದೆ ಮುಂದೆ ಹೋಗಲಿಲ್ಲ. ಫೋನ್ ಕದ್ದಾಲಿಕೆಯ ಆರೋಪದ ಮೇಲೆ 1988ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಪದವಿ ಬಿಟ್ಟದ್ದನ್ನು ನಾವು ರಾಜಕೀಯದ ಕತೆಯಾಗಿ ನೆನಪಿಟ್ಟುಕೊಂಡಿದ್ದೇವೆ; ಕದ್ದಾಲಿಕೆಗೆ ವಿಧಿವಿಧಾನ ಹಾಕಿಕೊಡಲು ಸುಪ್ರೀಂ ಕೋರ್ಟು 1996ರವರೆಗೆ ಕಾಯಬೇಕಾಯಿತು. ಆಗಲೂ ಪರಿಶೀಲನಾ ಸಮಿತಿಯಲ್ಲಿ ಕೂತವರು ಸರ್ಕಾರದ ಕಾರ್ಯದರ್ಶಿಗಳೇ.

ಬರೆಯುವವರ ಪಾಡೂ ಹೀಗೆಯೇ. 2007ರಲ್ಲಿ ರಾದ ಇಬ್ಬರು ನಿವೃತ್ತರ ಪುಸ್ತಕಗಳು ಬಂದವು. ಬಿ. ರಾಮನ್ ಅವರ 'ದ ಕಾವೊಬಾಯ್ಸ್ ಆಫ್ ಆರ್ ಅಂಡ್ ಎಡಬ್ಲ್ಯು' ಸಂಸ್ಥೆಯ ಸ್ಥಾಪಕ ಆರ್.ಎನ್. ಕಾವ್ ಅವರ ಪೀಳಿಗೆಯ ಮೇಲಿನ ಅಭಿಮಾನದಿಂದ ಬರೆದದ್ದು. ಸಂಸ್ಥೆಯ ಒಳಗಿನ ಲೋಪಗಳನ್ನು ಬರೆದ ಮೇಜರ್ ಜನರಲ್ ವಿ.ಕೆ. ಸಿಂಗ್ ಅವರ ಮೇಲೆ ಅಧಿಕೃತ ರಹಸ್ಯಗಳ ಕಾಯ್ದೆಯಡಿ ಸಿಬಿಐ ಮೊಕದ್ದಮೆ ಹೂಡಿತು. 2021ರಲ್ಲಿ ಪಿಂಚಣಿ ನಿಯಮ ತಿದ್ದಿ, ಇಂಥ ಸಂಸ್ಥೆಗಳ ನಿವೃತ್ತರು ಅನುಮತಿ ಇಲ್ಲದೆ ಪ್ರಕಟಿಸುವಂತಿಲ್ಲ ಎಂದು ಮಾಡಲಾಯಿತು. ರಹಸ್ಯ ಬೇಡವೆಂದು ನಾನು ಹೇಳುತ್ತಿಲ್ಲ. ಏಜೆಂಟನೊಬ್ಬನ ಹೆಸರು ಹೊರಬಿದ್ದರೆ ಆತ ಸಾಯುತ್ತಾನೆ. ಲೆ ಕಾರೆಯ ಎರಡೂ ಕಾದಂಬರಿಗಳಲ್ಲಿ ಅಂಥ ಸಾವುಗಳೇ ತುಂಬಿವೆ. ಹೆಸರು ಮುಚ್ಚಿಡುವುದು ಬೇರೆ, ತಪ್ಪು ಮುಚ್ಚಿಡುವುದು ಬೇರೆ. ಎರಡಕ್ಕೂ ಒಂದೇ ಕಡತ, ಒಂದೇ ಬೀಗ ಆದಾಗ ಅವನ್ನು ಬೇರ್ಪಡಿಸಲು ಬೀಗದ ಕೈ ಇರುವ ಮೂರನೆಯವರೊಬ್ಬರು ಬೇಕಾಗುತ್ತದೆ. ನಮ್ಮಲ್ಲಿ ಆ ಮೂರನೆಯವರು ಇನ್ನೂ ನೇಮಕವಾಗಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಮಾತು: ಎರಡು ಕಾದಂಬರಿಗಳನ್ನೂ ಬೆನ್ನು ಬೆನ್ನಿಗೆ ಓದಿ. ಮೊದಲನೆಯದರಲ್ಲಿ ಲಿಜ್ ಸಾಕ್ಷಿ ಹೇಳುವ ಅಧ್ಯಾಯವನ್ನು ಎರಡು ಸಲ ಓದಿ. ಆಮೇಲೆ ಎರಡನೆಯದರಲ್ಲಿ ಕ್ಯಾರನ್ ಗೋಲ್ಡ್ ಎಷ್ಟು ಪುಟಗಳಲ್ಲಿ ಬಂದು ಹೋಗುತ್ತಾಳೆ, ತನ್ನ ಬಾಯಿಂದ ಎಷ್ಟು ಮಾತಾಡುತ್ತಾಳೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ಹೆಚ್ಚು ಹೊತ್ತು ಹಿಡಿಯುವುದಿಲ್ಲ.