ಶುವೈಖಿನಲ್ಲಿ ಕೂತು ‘ಮೋಹನಸ್ವಾಮಿ’ ಓದಿದಾಗ

ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ಗ್ಯಾರೇಜು, ಸ್ಪೇರ್ ಪಾರ್ಟ್ಸ್ ಅಂಗಡಿ, ಟೈರಿನ ಗೋದಾಮುಗಳ ನಡುವೆ ನನ್ನ ಲೆಕ್ಕದ ಮೇಜಿದೆ. ಕೆಲವು ವರ್ಷಗಳ ಹಿಂದೆ, ಹೊಸದಾಗಿ ಬಂದಿದ್ದ ನಮ್ಮ ಕಡೆಯ ಹುಡುಗನೊಬ್ಬನ ಲೆಕ್ಕ ಚುಕ್ತಾ ಮಾಡಬೇಕಾಯಿತು. ಊರಿನಲ್ಲಿ ಒಮ್ಮೆ ಮೆಡಿಕಲ್ ಪಾಸಾಗಿ ಬಂದವನು ಇಲ್ಲಿಯ ತಪಾಸಣೆಯಲ್ಲಿ ‘ಅನ್‌ಫಿಟ್’ ಆಗಿದ್ದ. ಹನ್ನೊಂದು ದಿನದ ಸಂಬಳ, ವಾಪಸ್ ಟಿಕೆಟ್ಟು, ಷರಾ ಕಾಲಮ್ಮಿನಲ್ಲಿ ಆ ಒಂದೇ ಪದ. ಟಿಬಿಯೋ, ಹೆಪಟೈಟಿಸ್ಸೋ, ಎಚ್‌ಐವಿಯೋ ನನಗೆ ಯಾರೂ ಹೇಳಲಿಲ್ಲ. ಆದರೆ ಮಧ್ಯಾಹ್ನದ ಊಟದ ಹೊತ್ತಿಗೆ ಗ್ಯಾರೇಜಿನವರು ಅವನ ಕಾಯಿಲೆಗೂ ಹೆಸರಿಟ್ಟಿದ್ದರು, ಅವನ ನಡಿಗೆಗೂ ಹೆಸರಿಟ್ಟಿದ್ದರು. ನಾನು ಸುಮ್ಮನಿದ್ದೆ.

ಆ ರಾತ್ರಿ ವಸುಧೇಂದ್ರರ ‘ಮೋಹನಸ್ವಾಮಿ’ಯನ್ನು ಮತ್ತೆ ಕೈಗೆತ್ತಿಕೊಂಡೆ. ಈ ಕಥಾಸಂಕಲನ ಬಂದದ್ದು 2013ರಲ್ಲಿ. ಅದೇ ವರ್ಷದ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು 377ನೇ ಕಲಮನ್ನು ಎತ್ತಿಹಿಡಿದಿತ್ತು. ಗಂಡು ಗಂಡನ್ನು ಪ್ರೀತಿಸುವ ಕತೆಯನ್ನು ಕನ್ನಡದಲ್ಲಿ ನೇರವಾಗಿ ಹೇಳಿದ ಧೈರ್ಯವನ್ನು ಎಲ್ಲರೂ ಮೆಚ್ಚಿದ್ದಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು, ಅಂಜಿಕೆಯನ್ನು ದಿನನಿತ್ಯದ ಖರ್ಚಿನಂತೆ ಅವರು ಬರೆದಿಟ್ಟ ರೀತಿ. ‘ಕಗ್ಗಂಟು’ ಕತೆಯಲ್ಲಿ ಕಾರ್ತಿಕ್ ಹೆಣ್ಣೊಬ್ಬಳನ್ನು ಮದುವೆಯಾಗಲು ಹೊರಡುತ್ತಾನೆ. ಆ ಸಂಬಂಧಕ್ಕೆ ಊರಿನವರು ಒಪ್ಪುವ ಹೆಸರಿಲ್ಲ. ಹಾಗಾಗಿ ಅದು ಮುರಿದಾಗ ಮೋಹನಸ್ವಾಮಿ ಯಾರ ಮುಂದೆಯೂ ಅಳುವಂತಿಲ್ಲ.

ಈ ಅಂಜಿಕೆಯನ್ನು ಪಕ್ಕಕ್ಕಿಟ್ಟು ಅಂಕಿಗಳನ್ನು ಓದಿದರೆ ತಪ್ಪು ಓದುತ್ತೇವೆ. ಭಾರತದ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಸಮೀಕ್ಷೆಗಳಲ್ಲಿ, ಪುರುಷರೊಂದಿಗೆ ಲೈಂಗಿಕ ಸಂಪರ್ಕವಿರುವ ಪುರುಷರಲ್ಲಿ ಎಚ್‌ಐವಿ ಪ್ರಮಾಣ 2017ರಲ್ಲಿ ಶೇ. 2.69 ಇತ್ತು, 2021ರಲ್ಲಿ ಶೇ. 3.26. ಒಟ್ಟು ವಯಸ್ಕರಲ್ಲಿ ಅದು ಸುಮಾರು ಶೇ. 0.2. ಇದನ್ನು ನೋಡಿ ‘ಅವರ ಬುದ್ಧಿಯೇ ಹಾಗೆ’ ಎನ್ನುವವರಿದ್ದಾರೆ. ನಾನು ಆಡಿಟ್ ಮಾಡುವವನು; ಮೊದಲು ಕೇಳುವುದು, ಪುಸ್ತಕಕ್ಕೆ ಏರದ ಬಾಬತ್ತು ಎಷ್ಟು ಎಂದು. ಆ ಎಣಿಕೆ ನಡೆಯುವುದು ಆಯ್ದ ಕೇಂದ್ರಗಳಲ್ಲಿ. ಅವಿತುಕೊಂಡವರು ಲೆಕ್ಕಕ್ಕೇ ಬರುವುದಿಲ್ಲ.

ರೋಗ ಹರಡುವುದೂ ಆ ಅವಿತ ಜಾಗದಲ್ಲೇ. ಸಿಫಿಲಿಸ್ ಹುಣ್ಣು ನೋಯದೆ ಬಂದು ತಾನೇ ಮಾಯುತ್ತದೆ, ಸೋಂಕು ಒಳಗೇ ಉಳಿಯುತ್ತದೆ. ಅಂಥ ಹುಣ್ಣಿನ ಮೂಲಕ ಎಚ್‌ಐವಿ ಸುಲಭವಾಗಿ ಒಳನುಗ್ಗುತ್ತದೆ. ಸಿಫಿಲಿಸ್ಸಿಗೆ ಪೆನಿಸಿಲಿನ್ ಇದೆ. ಎಚ್‌ಐವಿಗೆ ದಿನವೂ ಮಾತ್ರೆ ನುಂಗಿ, ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕಿಳಿದು ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಅದು ಇನ್ನೊಬ್ಬರಿಗೆ ಹರಡುವುದಿಲ್ಲ. ಅಂದರೆ ಗೊತ್ತಿದ್ದು ಔಷಧಿ ತೆಗೆದುಕೊಳ್ಳುವವನಿಗಿಂತ, ಗೊತ್ತಿಲ್ಲದೆ ಓಡಾಡುವವನಿಂದಲೇ ಅಪಾಯ ಹೆಚ್ಚು. ಹಾಗಾದರೆ ಪರೀಕ್ಷೆಗೆ ಹೋಗಲು ಹೆದರಿಸುವ ಯಾವುದೂ ರೋಗದ ಪರವೇ. ನಾಜ್ ಫೌಂಡೇಶನ್ 2001ರಲ್ಲಿ ದೆಹಲಿ ಹೈಕೋರ್ಟಿಗೆ ಹೋದಾಗ ಇದನ್ನೇ ವಾದಿಸಿತ್ತು: 377 ಇರುವತನಕ ಏಡ್ಸ್ ತಡೆಯುವ ಕೆಲಸ ಈ ಗಂಡಸರನ್ನು ಮುಟ್ಟುವುದಿಲ್ಲ.

ಕುವೈತಿನಲ್ಲಿ ಇಂಥ ಸಂಬಂಧಕ್ಕೆ ದಂಡಸಂಹಿತೆಯ 193ನೇ ವಿಧಿಯಡಿ ಏಳು ವರ್ಷದವರೆಗೆ ಜೈಲಿದೆ. ಎಚ್‌ಐವಿ ಇದ್ದ ವಿದೇಶಿಯನ್ನು ವಾಪಸ್ ಕಳಿಸುತ್ತಾರೆ. ಇಲ್ಲಿ ರಕ್ತಪರೀಕ್ಷೆಯ ದಾರಿ ಆಸ್ಪತ್ರೆಗಲ್ಲ, ವಿಮಾನ ನಿಲ್ದಾಣಕ್ಕೆ. ತಾನಾಗಿ ಯಾರು ಹೋದಾರು?

‘ಮೋಹನಸ್ವಾಮಿ’ಯ ಬಗ್ಗೆ ನನ್ನ ತಕರಾರು ಇಲ್ಲಿದೆ. ಮೋಹನಸ್ವಾಮಿಗೆ ಬೆಂಗಳೂರಿದೆ, ಒಳ್ಳೆಯ ಸಂಪಾದನೆಯಿದೆ. ಒಂದೇ ಕೋಣೆಯಲ್ಲಿ ಆರು ಜನ ಮಲಗುವ, ಪಾಸ್‌ಪೋರ್ಟಿನ ಜೊತೆ ಮನೆಯ ಸಾಲವನ್ನೂ ಹೊತ್ತು ಬಂದ ಗಲ್ಫಿನ ಕನ್ನಡಿಗನ ಅಂಜಿಕೆ ಬೇರೆ ಜಾತಿಯದು. ಆ ಕತೆಯನ್ನು ವಸುಧೇಂದ್ರರೇ ಬರೆಯಬೇಕೆಂದು ಕೇಳುವುದು ನ್ಯಾಯವಲ್ಲ. ಅದು ಇಲ್ಲಿರುವ ನಮ್ಮ ಬಾಕಿ. ನಾವೋ ಸಂಕಲನಗಳಲ್ಲಿ ಊರಿನ ಮಳೆ, ಅಮ್ಮನ ಕೈಯಡುಗೆ ಬರೆದು ಕೈತೊಳೆದುಕೊಂಡಿದ್ದೇವೆ.

377ರ ತೀರ್ಪು ಬದಲಾದದ್ದು 2018ರ ಸೆಪ್ಟೆಂಬರ್ 6ರಂದು. ನಾಲ್ಕೇ ದಿನಕ್ಕೆ, ಸೆಪ್ಟೆಂಬರ್ 10ರಂದು, 2017ರ ಎಚ್‌ಐವಿ ಕಾಯ್ದೆ ಜಾರಿಗೆ ಬಂತು. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವುದನ್ನೂ, ಸೋಂಕಿನ ಕಾರಣಕ್ಕೆ ತಾರತಮ್ಯ ಮಾಡುವುದನ್ನೂ ಅದು ತಡೆಯುತ್ತದೆ. ಊರಿನ ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ ಪರೀಕ್ಷೆ, ಎಆರ್‌ಟಿ ಕೇಂದ್ರದಲ್ಲಿ ಮಾತ್ರೆ, ಎರಡೂ ಉಚಿತ. ಸಹಾಯವಾಣಿ 1097. ಆ ಹುಡುಗನಿಗೆ ಲಕೋಟೆ ಕೊಡುವಾಗ ಇಷ್ಟು ಹೇಳಲು ಎರಡು ನಿಮಿಷ ಸಾಕಿತ್ತು. ನಾನು ರಸೀದಿಗೆ ಸಹಿ ಮಾತ್ರ ಹಾಕಿಸಿಕೊಂಡೆ.